ಹೂವಿಗೊಂದು ಬೆಳಕು, ರೆಕ್ಕೆಗೊಂದು ಬೆಳಕು

ಓದುಗರ ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ. ಹಿತ್ತಲಿನ ಕೆಂಪು ಸಾಲ್ವಿಯಾ ಗಿಡಕ್ಕೆ ಆ್ಯನಾಸ್ ಹಮ್ಮಿಂಗ್‌ಬರ್ಡ್ ದಿನವೂ ಬರುತ್ತದೆ. ಹೂವು ಚೆನ್ನಾಗಿ ಬಂದರೆ ಹಕ್ಕಿ ಕಪ್ಪಾಗುತ್ತದೆ, ಹಕ್ಕಿ ಸರಿಹೋದರೆ ಹೂವು ಬರೀ ಕೆಂಪು ಮುದ್ದೆ. ಫ್ಲ್ಯಾಶ್ ಹಾಕಿದರೆ ಹಾಡುಹಗಲಲ್ಲೇ ಹಿಂದೆಲ್ಲ ಕಗ್ಗತ್ತಲು. ಕತ್ತಲು ಬೇಡವೆಂದು ಐಎಸ್‌ಒ ಏರಿಸಿದರೆ ಒಂದು ರೆಕ್ಕೆ ಇರಬೇಕಾದಲ್ಲಿ ಒಂದೂವರೆ ರೆಕ್ಕೆ. ಇದನ್ನೆಲ್ಲ ಸರಿದೂಗಿಸುವ ಸೆಟ್ಟಿಂಗ್ ಯಾವುದು, ಹೇಳುತ್ತೀರಾ?

ಉತ್ತರ: ನಿಮ್ಮ ನಾಲ್ಕು ದೂರುಗಳಲ್ಲಿ ಮೊದಲೆರಡು ಒಂದು ಬಗೆಯವು, ಕೊನೆಯೆರಡು ಇನ್ನೊಂದು ಬಗೆಯವು. ಮೊದಲೆರಡು ಬರೀ ಬಿಸಿಲಿನ ಲೆಕ್ಕ. ಕೊನೆಯೆರಡು ಬಿಸಿಲೂ ಫ್ಲ್ಯಾಶೂ ಒಂದೇ ಚೌಕಟ್ಟಿನಲ್ಲಿ ಜಾಗಕ್ಕಾಗಿ ಗುದ್ದಾಡುವುದರ ಲೆಕ್ಕ. ಫ್ಲ್ಯಾಶ್ ಹೊತ್ತಿಸಿದಿರಿ ಎಂದರೆ ನೀವು ಒಂದೇ ಫೈಲಿನಲ್ಲಿ ಎರಡು ಫೋಟೊ ತೆಗೆಯುತ್ತಿದ್ದೀರಿ ಎಂದೇ ಅರ್ಥ. ಷಟರ್ ತೆರೆದಿರುವಷ್ಟು ಹೊತ್ತೂ ಬಿಸಿಲು ಬರೆಯುವುದು ಒಂದು, ಅದರ ನಡುವೆ ಎಲ್ಲೋ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಲ್ಲಿ ಫ್ಲ್ಯಾಶ್ ಬರೆದು ಮುಗಿಸುವುದು ಇನ್ನೊಂದು. ಹಕ್ಕಿಯನ್ನು ಬರೆಯಬೇಕಾದವರು ಯಾರು ಎಂದು ಮೊದಲೇ ತೀರ್ಮಾನಿಸಿ. ಇಬ್ಬರಿಗೂ ಅರ್ಧರ್ಧ ಕೊಟ್ಟಾಗಲೇ ಆ ಒಂದೂವರೆ ರೆಕ್ಕೆ ಹುಟ್ಟುವುದು.

ಮೊದಲು ಬಿಸಿಲಿನ ದಾರಿ. ಕ್ಯಾಮೆರಾದ ಮೀಟರಿಗೆ ಹಕ್ಕಿ ಯಾವುದು, ಬೇಲಿ ಯಾವುದು ಎನ್ನುವ ಗೊಡವೆ ಇಲ್ಲ. ಎದುರಿಗಿರುವುದನ್ನೆಲ್ಲ ಕಲಸಿ ನಡುಮಟ್ಟದ ಬೂದು ಬಣ್ಣಕ್ಕೆ ತರುವುದಷ್ಟೇ ಅದರ ಕೆಲಸ. ಆ್ಯನಾಸ್ ಹಮ್ಮಿಂಗ್‌ಬರ್ಡ್ ಕೊಕ್ಕಿನಿಂದ ಬಾಲದವರೆಗೆ ನಾಲ್ಕು ಇಂಚು, ತೂಕ ನಾಲ್ಕೂವರೆ ಗ್ರಾಂ ಆಸುಪಾಸು. ಚೌಕಟ್ಟಿನಲ್ಲಿ ಅದರ ಪಾಲು ಬಹಳ ಸಣ್ಣದು. ಹಿಂದೆ ಆಕಾಶವಿದ್ದರೆ ಮೀಟರ್ ಬೆಳಕನ್ನು ಇಳಿಸುತ್ತದೆ, ಹಕ್ಕಿ ಕಪ್ಪಾಗುತ್ತದೆ. ಹಿಂದೆ ನೆರಳಿನ ಪೊದೆಯಿದ್ದರೆ ಏರಿಸುತ್ತದೆ, ಹೂವು ಸುಟ್ಟುಹೋಗುತ್ತದೆ. ಹಕ್ಕಿ ಒಂದು ಹೂವಿನಿಂದ ಪಕ್ಕದ ಹೂವಿಗೆ ಒಂದಡಿ ಸರಿದರೂ ಹಿನ್ನೆಲೆ ಬದಲಾಗಿರುತ್ತದೆ, ಅದರ ಮೇಲೆ ಬೀಳುವ ಬಿಸಿಲು ಮಾತ್ರ ಅಷ್ಟೇ ಇರುತ್ತದೆ. ಆದ್ದರಿಂದ ಈ ಕೆಲಸಕ್ಕೆ ಆಟೊ ಬಿಡಿ, ಮ್ಯಾನ್ಯುಅಲ್‌ಗೆ ಬನ್ನಿ.

ಎಷ್ಟಿಡಬೇಕು ಎನ್ನುವುದಕ್ಕೆ ಫಿಲ್ಮ್ ಕಾಲದವರ ಹಳೆಯ ಸೂತ್ರವೇ ಸಾಕು: ನಿಚ್ಚಳ ಬಿಸಿಲಿನಲ್ಲಿ ಎಫ್ 16 ಇಟ್ಟರೆ ಷಟರ್ ಐಎಸ್‌ಒ ಸಂಖ್ಯೆಯಷ್ಟೇ ಇರಬೇಕು. ಐಎಸ್‌ಒ 800 ಆದರೆ 1/800. ಅಲ್ಲಿಂದ ಅಪರ್ಚರನ್ನು ಎಫ್ 5.6ಕ್ಕೆ ತೆರೆದರೆ ಮೂರು ಸ್ಟಾಪ್ ಲಾಭ, ಷಟರ್ 1/6400ಕ್ಕೆ ಹೋಗುತ್ತದೆ. ಐಎಸ್‌ಒ 500ಕ್ಕೆ ಇಳಿದರೆ 1/4000. ನಿಮ್ಮೂರಿನ ಬೇಸಿಗೆಯ ಬಿಸಿಲಿಗೆ ಈ ಅಂಕಿಯಿಂದ ಶುರುಮಾಡಿ, ಖಾಲಿ ಹೂವಿನ ಮೇಲೆ ಎರಡು ಫೋಟೊ ತೆಗೆದು ನೋಡಿ, ಬೇಕಾದರೆ ಮೂರನೇ ಒಂದು ಸ್ಟಾಪ್ ಅತ್ತಿತ್ತ ಮಾಡಿ ಬಿಟ್ಟುಬಿಡಿ. ಆಮೇಲೆ ಮೋಡ ಬರುವವರೆಗೂ ಮುಟ್ಟಬೇಡಿ. ಗೋಡೆಯ ಮರೆಯ ತೆರೆದ ನೆರಳಿನಲ್ಲಿ ಬಿಸಿಲಿಗಿಂತ ಸುಮಾರು ನಾಲ್ಕು ಸ್ಟಾಪ್ ಕಡಿಮೆ ಬೆಳಕು. ಅಲ್ಲಿ ಐಎಸ್‌ಒ 3200ಕ್ಕೆ ಏರಿದರೂ ಎಫ್ 5.6ರಲ್ಲಿ 1/1600 ಮಾತ್ರ ಸಿಗುತ್ತದೆ. ಈ ನಾಲ್ಕು ಸ್ಟಾಪಿನ ಅಂತರವನ್ನು ನೆನಪಿಟ್ಟುಕೊಳ್ಳಿ, ಫ್ಲ್ಯಾಶಿನ ಮಾತು ಬಂದಾಗ ಇದೇ ನಮ್ಮ ಬಂಡವಾಳ.

ಇನ್ನು ಆ ಕೆಂಪು ಮುದ್ದೆ. ಕ್ಯಾಮೆರಾ ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಸಾಲ್ವಿಯಾದಂಥ ಹೂವಿನಲ್ಲಿ ಹಸಿರು, ನೀಲಿ ಬಹಳ ಕಡಿಮೆ, ಕೆಂಪೊಂದೇ ತುಂಬಿ ತುಳುಕುತ್ತದೆ. ಕ್ಯಾಮೆರಾದ ಹಿಂದೆ ಕಾಣುವ ಬಿಳಿ ಹಿಸ್ಟೋಗ್ರಾಂ ಮೂರನ್ನೂ ಕೂಡಿಸಿ ತೋರಿಸುವುದರಿಂದ ಎಲ್ಲ ಸರಿಯಿದೆ ಎನ್ನುತ್ತದೆ, ಆದರೆ ಕೆಂಪಿನ ಪಾಲು ಬಲಗೋಡೆಗೆ ಬಡಿದು ಎಸಳಿನ ಗೆರೆ, ಮಡಿಕೆ ಎಲ್ಲ ಅಳಿಸಿಹೋಗಿರುತ್ತದೆ. ಮೂರೂ ಬಣ್ಣದ ಹಿಸ್ಟೋಗ್ರಾಂ ಬೇರೆಬೇರೆಯಾಗಿ ಕಾಣುವಂತೆ ಮೆನುವಿನಲ್ಲಿ ಬದಲಾಯಿಸಿಕೊಳ್ಳಿ, ಕೆಂಪನ್ನು ನೋಡಿಯೇ ಎಕ್ಸ್‌ಪೋಷರ್ ಕಟ್ಟಿ. ಸಾಮಾನ್ಯವಾಗಿ ಮೂರನೇ ಎರಡು ಸ್ಟಾಪ್ ಇಳಿಸಬೇಕಾಗುತ್ತದೆ. ರಾ ಫೈಲಿನಲ್ಲಿ ತೆಗೆಯುತ್ತಿದ್ದರೆ ಹಕ್ಕಿಯ ಬೆನ್ನಿನ ಕತ್ತಲನ್ನು ಆಮೇಲೆ ಎತ್ತಿಕೊಳ್ಳಬಹುದು, ಒಮ್ಮೆ ಸುಟ್ಟ ಎಸಳನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ನನ್ನನ್ನು ಕೇಳಿದರೆ, ಹಕ್ಕಿಯ ಚಿತ್ರವಾದರೂ ಎಕ್ಸ್‌ಪೋಷರ್ ಹೂವಿನದ್ದೇ ಆಗಿರಲಿ.

ಒಂದು ಅಪವಾದವಿದೆ, ಅದು ಗಂಡಿನ ಕೊರಳು. ಆ್ಯನಾಸ್ ಗಂಡಿಗೆ ಕೊರಳಷ್ಟೇ ಅಲ್ಲ, ನೆತ್ತಿಯ ತುಂಬಾ ಗುಲಾಬಿಗೆಂಪು. ಅದು ನಿಮ್ಮ ಫೋಟೊದಲ್ಲಿ ಬಹಳ ಸಲ ಮಸಿಯಂತೆ ಬಂದಿರುತ್ತದೆ. ಆಗ ನಿಮಗೆ ಬೆಳಕು ಸಾಲಲಿಲ್ಲ ಎನಿಸುತ್ತದೆ, ಒಂದು ಸ್ಟಾಪ್ ಏರಿಸುತ್ತೀರಿ, ಮುಂದಿನ ಫೋಟೊದಲ್ಲಿ ಅದೇ ಕೊರಳು ಕೆಂಡವಾಗಿ ಸುಟ್ಟುಹೋಗುತ್ತದೆ. ಅಲ್ಲಿ ಬದಲಾದದ್ದು ಬೆಳಕಿನ ಪ್ರಮಾಣವಲ್ಲ, ಕೋನ. ಆ ಗರಿಗಳಲ್ಲಿ ಕೆಂಪು ಬಣ್ಣದ ಪುಡಿಯೇನೂ ಇಲ್ಲ. ಗರಿಯ ಅತಿ ಸಣ್ಣ ಎಳೆಗಳೊಳಗೆ ಗಾಳಿ ತುಂಬಿದ ಚಪ್ಪಟೆ ಮೆಲನಿನ್ ಬಿಲ್ಲೆಗಳು ಒಂದರ ಮೇಲೊಂದು ಜೋಡಿಸಿಕೊಂಡಿವೆ. ಪದರ ಪದರದಿಂದ ಹಿಂದಿರುಗುವ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿಕೊಂಡಾಗ ಆ ಬಣ್ಣ ಹುಟ್ಟುತ್ತದೆ, ಅದೂ ಒಂದು ಕಿರಿದಾದ ದಿಕ್ಕಿನಲ್ಲಿ ಮಾತ್ರ. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬರಬೇಕು, ಹಕ್ಕಿ ನಿಮ್ಮತ್ತ ಮುಖ ಮಾಡಿರಬೇಕು. ಕತ್ತು ತುಸು ಹೊರಳಿದರೂ ದೀಪ ಆರಿತು. ಹೀಗಾಗಿ ಕೊರಳು ಕಪ್ಪಾಗಿದ್ದರೆ ಡಯಲ್ ತಿರುಗಿಸುವ ಬದಲು ನೀವು ಎರಡು ಹೆಜ್ಜೆ ಸರಿಯಿರಿ. ಕೊರಳು ಹೊಳೆಯುವ ಚಿತ್ರವೇ ಬೇಕೆಂದಿದ್ದರೆ ಹೂವಿನ ಅಳತೆಗಿಂತ ಇನ್ನೂ ಅರ್ಧ ಸ್ಟಾಪ್ ಕೆಳಗಿಟ್ಟುಕೊಂಡು ಕಾಯಿರಿ.

ಈಗ ರೆಕ್ಕೆ. ಇದರ ರೆಕ್ಕೆ ಸೆಕೆಂಡಿಗೆ 40ರಿಂದ 50 ಬಾರಿ ಬೀಸುತ್ತದೆ. ಬುಡದಿಂದ ತುದಿಗೆ 5 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗುವಾಗ ತುದಿ ಸಾಗುವ ದಾರಿ ಹೆಚ್ಚುಕಡಿಮೆ 25 ಸೆಂಟಿಮೀಟರ್. 45 ಬೀಸಿಗೆ ಗುಣಿಸಿದರೆ ಸೆಕೆಂಡಿಗೆ 11 ಮೀಟರ್, ಅದೂ ಸರಾಸರಿ. ಬೀಸಿನ ನಡುಮಧ್ಯೆ ವೇಗ ಇದಕ್ಕಿಂತ ಹೆಚ್ಚು. ಈ ಲೆಕ್ಕದಲ್ಲಿ 1/1000 ಸೆಕೆಂಡಿನಲ್ಲಿ ರೆಕ್ಕೆಯ ತುದಿ ಒಂದು ಸೆಂಟಿಮೀಟರಿಗೂ ಮೀರಿ ಓಡಿರುತ್ತದೆ, 1/4000ದಲ್ಲಿ ಸುಮಾರು 3 ಮಿಲಿಮೀಟರ್. ಒಂದೊಂದು ಗರಿಯ ಅಂಚೂ ಎಣಿಸುವಂತೆ ಬರಬೇಕಾದರೆ 1/16000 ಆಸುಪಾಸಿಗೆ ಹೋಗಬೇಕು, ಆಗ ಓಟ ಒಂದು ಮಿಲಿಮೀಟರಿನೊಳಗೆ. ಬಿಸಿಲೊಂದರಿಂದಲೇ ಅಷ್ಟು ದೂರ ಹೋಗಲು ಐಎಸ್‌ಒ ಬಹಳ ಮೇಲೇರಬೇಕಾಗುತ್ತದೆ. ಆದರೆ ಬೀಸು ತಿರುಗುವ ಕೊನೆಯಲ್ಲಿ ರೆಕ್ಕೆ ಒಂದು ಕ್ಷಣ ನಿಂತೇ ಮತ್ತೆ ಹಿಂದಿರುಗುತ್ತದೆ. ಆ ಕ್ಷಣ ಸಿಕ್ಕರೆ 1/2000ದಲ್ಲೂ ರೆಕ್ಕೆ ಸ್ಪಷ್ಟ. ಸಾಲಾಗಿ ಒತ್ತುವ ಬರ್ಸ್ಟ್ ಕೆಲಸಕ್ಕೆ ಬರುವುದು ಇಲ್ಲೇ.

ರೆಕ್ಕೆ ಅಲ್ಲಾಡಿದ್ದು ದೋಷವೇ ಎಂಬುದು ಬೇರೆ ಪ್ರಶ್ನೆ. ಹೂವಿನ ಮುಂದೆ ನಿಂತು ಹೀರುವಾಗ ಹಕ್ಕಿಯ ತಲೆ, ಮೈ ಅಚ್ಚರಿಯೆನಿಸುವಷ್ಟು ನಿಶ್ಚಲ. 1/500ರಲ್ಲೇ ಕಣ್ಣು ಶಾರ್ಪ್ ಆಗಿ ಬರುತ್ತದೆ, ಎರಡು ಪಕ್ಕದಲ್ಲಿ ರೆಕ್ಕೆ ಹೊಗೆಯಂತೆ ಕರಗಿರುತ್ತದೆ. ಬರಿಗಣ್ಣಿಗೆ ಕಾಣುವುದೂ ಹಾಗೆಯೇ. ಕಣ್ಣು ಚೂಪಾಗಿದ್ದು ರೆಕ್ಕೆ ಮಾಸಿದ ಚಿತ್ರವೇ ನನಗೆ ಹೆಚ್ಚು ಇಷ್ಟ. ಸ್ಪರ್ಧೆಗಳ ತೀರ್ಪುಗಾರರಿಗೆ ಬೇರೆ ರುಚಿ ಇರಬಹುದು.

ಆದರೂ ನಿಮಗೆ ರೆಕ್ಕೆಯ ಗರಿಗರಿಯೂ ಬೇಕು, ಅದಕ್ಕೇ ಫ್ಲ್ಯಾಶ್ ಹಿಡಿದಿದ್ದೀರಿ. ಈ ದಾರಿಗೆ ದೊಡ್ಡ ವಂಶಾವಳಿಯಿದೆ. ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಎಲೆಕ್ಟ್ರಾನಿಕ್ ಫ್ಲ್ಯಾಶಿನಿಂದ ಗುಂಡು, ಹಾಲಿನ ಹನಿಗಳ ಜೊತೆಗೆ ಹಮ್ಮಿಂಗ್‌ಬರ್ಡನ್ನೂ ನಿಲ್ಲಿಸಿ ತೋರಿಸಿದವರು. ಡ್ಯೂಪಾಂಟ್ ಕಂಪನಿಯ ಅಧ್ಯಕ್ಷರಾಗಿದ್ದ ರಸಾಯನ ಎಂಜಿನಿಯರ್ ಕ್ರಾಫರ್ಡ್ ಗ್ರೀನ್‌ವಾಲ್ಟ್ ಕಚೇರಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಹೈಸ್ಪೀಡ್ ಫ್ಲ್ಯಾಶ್ ಹೊತ್ತುಕೊಂಡು ಅಮೆರಿಕ ಖಂಡಗಳಲ್ಲಿ ಅಲೆದು 1960ರಲ್ಲಿ ‘ಹಮ್ಮಿಂಗ್‌ಬರ್ಡ್ಸ್’ ಎಂಬ ದೊಡ್ಡ ಪುಸ್ತಕ ತಂದರು. ಕೊರಳಿನ ಬಣ್ಣದ ಗುಟ್ಟನ್ನು ಹುಡುಕಿದವರಲ್ಲೂ ಅವರೊಬ್ಬರು. ಅವರು ಹೊತ್ತು ತಿರುಗಿದ ಭಾರದ ಸಲಕರಣೆ ಮಾಡುತ್ತಿದ್ದ ಕೆಲಸವನ್ನು ಇವತ್ತು ಅಂಗೈಯಗಲದ ಫ್ಲ್ಯಾಶ್ ಮಾಡುತ್ತದೆ, ಅದಕ್ಕೆ ಒಂದು ಷರತ್ತಿದೆ. ಪೂರ್ತಿ ಶಕ್ತಿಯಲ್ಲಿ ಉರಿದರೆ ಅದರ ಮಿಂಚು ಸುಮಾರು 1/1000 ಸೆಕೆಂಡ್ ಇರುತ್ತದೆ, ರೆಕ್ಕೆಗೆ ಅದು ಸಾಲದು. ಶಕ್ತಿ ಇಳಿಸಿದಷ್ಟೂ ಮಿಂಚು ಕಿರಿದಾಗುತ್ತದೆ: 1/16 ಶಕ್ತಿಗೆ 1/10000 ಸೆಕೆಂಡಿನ ಆಸುಪಾಸು, 1/32ಕ್ಕೆ ಇನ್ನೂ ಕಿರಿದು. ಬಹಳ ಜನ ಕತ್ತಲೆಂದು ಫ್ಲ್ಯಾಶ್ ಶಕ್ತಿ ಏರಿಸುತ್ತಾರೆ, ರೆಕ್ಕೆ ಮಾಸುತ್ತದೆ. ಶಕ್ತಿಯನ್ನು ಅಲ್ಲೇ ಬಿಟ್ಟು ಫ್ಲ್ಯಾಶನ್ನೇ ಹತ್ತಿರ ತರಬೇಕು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು, ಎರಡು ಸ್ಟಾಪ್ ಪುಕ್ಕಟೆ. ಕ್ಯಾಮೆರಾದ ತಲೆಯ ಮೇಲೆ ಕೂರಿಸಿದ ಫ್ಲ್ಯಾಶಿನಿಂದ ಇದು ಆಗದು. ಸ್ಟ್ಯಾಂಡಿಗೆ ಹಾಕಿ, ರೇಡಿಯೊ ಟ್ರಿಗರ್ ಕೊಟ್ಟು, ಹೂವಿಗೆ ಮೂರಡಿಯೊಳಗೆ ನಿಲ್ಲಿಸಿ. ಎರಡಿದ್ದರೆ ಇನ್ನೂ ಒಂದು ಸ್ಟಾಪ್ ಸಿಗುತ್ತದೆ. ಅವುಗಳಲ್ಲಿ ಒಂದು ಲೆನ್ಸಿನ ದಿಕ್ಕಿಗೆ ಸಾಧ್ಯವಾದಷ್ಟು ಹತ್ತಿರವಿರಲಿ, ಕೊರಳು ಹೊತ್ತುವುದು ಅದರಿಂದಲೇ. ಎರಡನ್ನೂ ಪಕ್ಕಕ್ಕೆ ಇಟ್ಟರೆ ಗಂಡಿನ ಕೊರಳು ಮತ್ತೆ ಮಸಿ.

ಸರಿದೂಗಿಸುವುದು ಎಂದಿರಲ್ಲ, ಅದರ ತಿರುಳು ಇಲ್ಲಿದೆ. ಐಎಸ್‌ಒ ಏರಿಸಿದರೆ ಬಿಸಿಲೂ ಏರುತ್ತದೆ, ಫ್ಲ್ಯಾಶೂ ಏರುತ್ತದೆ. ಅಪರ್ಚರ್ ಮುಚ್ಚಿದರೆ ಎರಡೂ ಇಳಿಯುತ್ತವೆ. ಇವೆರಡರಿಂದ ಅವುಗಳ ನಡುವಿನ ಪಾಲು ಬದಲಾಗುವುದೇ ಇಲ್ಲ, ನೀವು ಐಎಸ್‌ಒ ಏರಿಸಿ ಎಡವಿದ್ದೂ ಇಲ್ಲೇ. ಬಿಸಿಲನ್ನಷ್ಟೇ ಮುಟ್ಟುವುದು ಷಟರ್. ಅದೂ ಸಾಮಾನ್ಯ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಜೊತೆಗೆ 1/200 ಅಥವಾ 1/250ಕ್ಕಿಂತ ಮೇಲೆ ಹೋಗುವುದಿಲ್ಲ. ಆ ಹೊತ್ತಿನಲ್ಲಿ ರೆಕ್ಕೆ ತನ್ನ ಒಂದು ಬೀಸಿನ ಐದನೇ ಒಂದು ಭಾಗ ಮುಗಿಸಿರುತ್ತದೆ. ಹಕ್ಕಿಯ ಮೇಲೆ ಬಿಸಿಲಿದ್ದರೆ ಆ ಪೂರ್ತಿ ಓಟವೂ ಮಾಸಲಾಗಿ ದಾಖಲಾಗಿ, ಅದರ ಮೇಲೆ ಫ್ಲ್ಯಾಶಿನ ಚೂಪು ರೆಕ್ಕೆ ಬಂದು ಕೂರುತ್ತದೆ. ಇದೇ ನಿಮ್ಮ ಒಂದೂವರೆ ರೆಕ್ಕೆ. ಇದು ತೊಲಗಬೇಕಾದರೆ ಹಕ್ಕಿಯ ಮೇಲೆ ಬೀಳುವ ಸಹಜ ಬೆಳಕು ಫ್ಲ್ಯಾಶಿಗಿಂತ ಮೂರು, ನಾಲ್ಕು ಸ್ಟಾಪ್ ಕೆಳಗಿರಬೇಕು. ಹಿನ್ನೆಲೆಯೂ ಅಷ್ಟೇ ಕೆಳಗಿದ್ದರೆ, ಫ್ಲ್ಯಾಶ್ ಅಲ್ಲಿಗೆ ತಲುಪದ ಕಾರಣ, ಕಗ್ಗತ್ತಲು. ಎರಡು ದೂರೂ ಒಂದೇ ತಕ್ಕಡಿಯ ಎರಡು ತಟ್ಟೆ.

ಹಾಗಾದರೆ ಹಕ್ಕಿಗೆ ಒಂದು ಬೆಳಕು, ಹಿನ್ನೆಲೆಗೆ ಇನ್ನೊಂದು ಬೆಳಕು ಬೇಕು. ಡಯಲ್ ತಿರುಗಿಸಿ ಇದು ಬರುವುದಿಲ್ಲ, ಕುಂಡ ಎತ್ತಿಡಬೇಕು. ಸಾಲ್ವಿಯಾ ಕುಂಡದಲ್ಲಿದ್ದರೆ ಮನೆಯ ನೆರಳು ಬೀಳುವ ಬದಿಗೆ ತನ್ನಿ. ನೆಲದಲ್ಲಿದ್ದರೆ ಹೂಗೊಂಚಲಿನ ಮೇಲೆ ದೊಡ್ಡ ಕೊಡೆಯೊಂದನ್ನು ಕಟ್ಟಿ. ಹಿಂದೆ ಹತ್ತು ಹದಿನೈದು ಅಡಿ ದೂರದಲ್ಲಿ ಬಿಸಿಲು ಬಿದ್ದ ಹಸಿರು ಇರುವಂತೆ ನೋಡಿಕೊಳ್ಳಿ. ಈಗ ಐಎಸ್‌ಒ 200, ಎಫ್ 16, 1/250 ಇಡಿ. ಹಳೆಯ ಸೂತ್ರದಂತೆ ಬಿಸಿಲಿನ ಹಸಿರು ಬಹುತೇಕ ಸರಿಯಾದ ಮಟ್ಟದಲ್ಲಿ ಬರುತ್ತದೆ, ನೆರಳಿನಲ್ಲಿರುವ ಹಕ್ಕಿ ನಾಲ್ಕು ಸ್ಟಾಪಿಗೂ ಕೆಳಗೆ ಬೀಳುತ್ತದೆ. ಹಕ್ಕಿಯನ್ನು ಫ್ಲ್ಯಾಶ್ ಬರೆಯಲಿ. ಎಫ್ 16ರಿಂದ ಇನ್ನೊಂದು ಲಾಭವಿದೆ: 400 ಮಿಲಿಮೀಟರ್ ಲೆನ್ಸಿನಲ್ಲಿ ಮೂರು ಮೀಟರ್ ದೂರಕ್ಕೆ ಎಫ್ 5.6 ಕೊಡುವ ಫೋಕಸ್ ಆಳ ಸುಮಾರು ಎರಡು ಸೆಂಟಿಮೀಟರ್ ಮಾತ್ರ, ಎಫ್ 16ಕ್ಕೆ ಅದು ಐದು ದಾಟುತ್ತದೆ.

ಇಲ್ಲೂ ಒಂದು ತೊಡಕು ಅಡಗಿದೆ, ಕೈಪಿಡಿಗಳಲ್ಲಿ ಇದನ್ನು ಹೇಳುವವರು ಕಡಿಮೆ. ಹಕ್ಕಿಯ ಮೈ ನಿಶ್ಚಲವಾದ್ದರಿಂದ ಹಿನ್ನೆಲೆಯ ಬೆಳಕನ್ನು ಪೂರ್ತಿ ಮರೆಮಾಡುತ್ತದೆ. ರೆಕ್ಕೆ ಹಾಗಲ್ಲ. ಫ್ಲ್ಯಾಶ್ ಮಿಂಚಿದ ಗಳಿಗೆಯಲ್ಲಿ ಅದು ಎಲ್ಲಿತ್ತೋ ಆ ಜಾಗ ಷಟರ್ ತೆರೆದ ಉಳಿದ ಹೊತ್ತಿನಲ್ಲಿ ಖಾಲಿ. ತಿರುಗುವ ಫ್ಯಾನಿನ ಆಚೆ ಗೋಡೆ ಕಾಣುವಂತೆ ಹಿಂದಿನ ಹಸಿರು ರೆಕ್ಕೆಯ ಮೂಲಕ ಹಾಯ್ದು ಬರುತ್ತದೆ, ರೆಕ್ಕೆ ಗಾಜಿನಂತಾಗುತ್ತದೆ. ಹಿನ್ನೆಲೆ ಎಷ್ಟು ಬೆಳ್ಳಗಿದ್ದರೆ ರೆಕ್ಕೆ ಅಷ್ಟು ತೆಳು. ಆಕಾಶವಂತೂ ಬೇಡವೇ ಬೇಡ. ಬಿಸಿಲಿನ ಹುಲ್ಲಿಗಿಂತ ಅರ್ಧ ನೆರಳಿನ ಗಾಢ ಹಸಿರು ಪೊದೆ ಒಳ್ಳೆಯದು. ಹಿನ್ನೆಲೆಯನ್ನು ಸರಿಮಟ್ಟಕ್ಕಿಂತ ಒಂದೂವರೆ ಎರಡು ಸ್ಟಾಪ್ ಕೆಳಗೆ ಬಿಟ್ಟರೆ ಕತ್ತಲೂ ಅಲ್ಲದ, ರೆಕ್ಕೆಯನ್ನೂ ತಿನ್ನದ ಮುಸ್ಸಂಜೆಯ ಹಸಿರು ಸಿಗುತ್ತದೆ. ಇದೇ ನಾನು ನಿಮಗೆ ಹೇಳುವ ಸಮತೋಲ.

ಕೋಸ್ಟಾರಿಕಾ, ಈಕ್ವೆಡಾರ್‌ಗಳಿಗೆ ಹಮ್ಮಿಂಗ್‌ಬರ್ಡ್ ಫೋಟೊಗೆಂದೇ ಹೋಗುವವರು ಈ ತಾಪತ್ರಯವನ್ನೇ ಇಟ್ಟುಕೊಳ್ಳುವುದಿಲ್ಲ. ಅಲ್ಲಿನ ಲಾಡ್ಜುಗಳಲ್ಲಿ ಹೂವಿನ ಹಿಂದೆ ಮಾಸಲು ಹಸಿರಿನ ದೊಡ್ಡ ಪ್ರಿಂಟ್ ನಿಲ್ಲಿಸಿ, ಅದಕ್ಕೇ ಒಂದು ಫ್ಲ್ಯಾಶ್, ಹಕ್ಕಿಗೆ ಮುಂದೆ ಎರಡು, ಅಂಚು ಬೆಳಗಲು ಹಿಂದೆ ಒಂದೆರಡು ಫ್ಲ್ಯಾಶ್ ಇಟ್ಟಿರುತ್ತಾರೆ. ಹೂವಿಗೆ ಸಿರಿಂಜಿನಲ್ಲಿ ಸಕ್ಕರೆನೀರು. ಎಲ್ಲವೂ ಫ್ಲ್ಯಾಶಿನ ಬೆಳಕಾದ್ದರಿಂದ ಯಾವ ದೆವ್ವದ ರೆಕ್ಕೆಯೂ ಬರುವುದಿಲ್ಲ. ಚಿತ್ರಗಳು ಚೊಕ್ಕ, ಆದರೆ ನೂರು ಜನ ತೆಗೆದರೂ ಒಬ್ಬರೇ ತೆಗೆದಂತೆ ಕಾಣುತ್ತವೆ. ನಿಮ್ಮ ಹಿತ್ತಲಿನಲ್ಲಿ ಒಂದು ಭಾನುವಾರ ಇದನ್ನೂ ಮಾಡಿ ನೋಡಬಹುದು, ಫ್ಲ್ಯಾಶಿನ ಪಾಲು ಹಂಚುವ ಅಭ್ಯಾಸಕ್ಕೆ ಒಳ್ಳೆಯದು.

ಹೈಸ್ಪೀಡ್ ಸಿಂಕ್ ಬಳಸಿ 1/2000ದಲ್ಲಿ ಫ್ಲ್ಯಾಶ್ ಹೊಡೆದರೆ ಎಲ್ಲ ಪರಿಹಾರವಲ್ಲವೇ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ವಿಧಾನದಲ್ಲಿ ಫ್ಲ್ಯಾಶ್ ಒಂದೇ ಮಿಂಚಾಗಿ ಉರಿಯುವ ಬದಲು ಷಟರಿನ ಸೀಳು ಸರಿದುಹೋಗುವಷ್ಟು ಹೊತ್ತೂ ಸಣ್ಣಸಣ್ಣದಾಗಿ ಮಿಡಿಯುತ್ತಿರುತ್ತದೆ. ಆಗ ರೆಕ್ಕೆಯನ್ನು ನಿಲ್ಲಿಸುವುದು ಷಟರ್ ಮಾತ್ರ, ಫ್ಲ್ಯಾಶ್ ಅಲ್ಲ. ಶಕ್ತಿಯೂ ಬಹಳ ಪೋಲು. ಬಿಸಿಲಿನ ಚಿತ್ರದಲ್ಲಿ ಹಕ್ಕಿಯ ಹೊಟ್ಟೆಯ ಕೆಳಗಿನ ನೆರಳನ್ನು ತುಸು ಎತ್ತಲು, ಎರಡು ಸ್ಟಾಪ್ ಕಡಿಮೆ ಇಟ್ಟುಕೊಂಡು ಬಳಸಿದರೆ ಚೆನ್ನ, ಕಣ್ಣಿಗೊಂದು ಚುಕ್ಕೆ ಹೊಳಪೂ ಬರುತ್ತದೆ. 2023ರ ಕೊನೆಯಲ್ಲಿ ಘೋಷಣೆಯಾದ ಸೋನಿ ಎ9 ತ್ರೀಯ ಗ್ಲೋಬಲ್ ಷಟರ್ ಮಾತ್ರ ಈ ಹಳೆಯ ಕಟ್ಟನ್ನು ಮುರಿದಿದೆ. ಅದರಲ್ಲಿ ಸೀಳೇ ಇಲ್ಲ, ಯಾವ ವೇಗದಲ್ಲೂ ಫ್ಲ್ಯಾಶ್ ಕೂಡಿಕೊಳ್ಳುತ್ತದೆ. ಅದರ ಬೆಲೆಗೆ ಎಷ್ಟು ಕೊಡೆ, ಎಷ್ಟು ಸಾಲ್ವಿಯಾ ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ಇನ್ನೊಂದು ಎಚ್ಚರಿಕೆ: ನಿಮ್ಮ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಇದ್ದರೆ, ಸೆನ್ಸರ್ ನಿಧಾನದ್ದಾದಲ್ಲಿ ರೆಕ್ಕೆ ಬಾಗಿ ಮುರಿದಂತೆ ಬರುತ್ತದೆ. ಅದನ್ನು ಎಕ್ಸ್‌ಪೋಷರಿನ ತಪ್ಪೆಂದು ತಿಳಿಯಬೇಡಿ, ಮೆಕ್ಯಾನಿಕಲ್ ಷಟರಿಗೆ ಬದಲಿಸಿ.

ಒತ್ತುವ ಹೊತ್ತಿನ ಬಗ್ಗೆ ಒಂದು ಮಾತು. ಕೊಕ್ಕು ಹೂವಿನೊಳಗಿದ್ದಾಗ ಎಸಳಿನ ನೆರಳು ಮುಖದ ಮೇಲೆ ಬೀಳುತ್ತದೆ, ನೀವೆಷ್ಟೇ ಅಳೆದರೂ ಕಣ್ಣು ಮಂಕು. ಹೀರಿ ಮುಗಿಸಿ ಅದು ಹಿಮ್ಮೆಟ್ಟಿ ಹಾರುತ್ತದೆ, ಒಂದು ಕ್ಷಣ ನಿಂತು ಮತ್ತೆ ಮುಂದಿನ ಹೂವಿಗೆ ಹೋಗುತ್ತದೆ. ಮುಖ, ಕೊರಳು, ಹೂವು ಮೂರಕ್ಕೂ ಬೆಳಕು ಸಮನಾಗಿ ಸಿಗುವುದು ಆ ಹಿಮ್ಮೆಟ್ಟುವ ಕ್ಷಣದಲ್ಲಿ. ಒಂದೇ ಗೊಂಚಲಿಗೆ ಮರಳಿ ಮರಳಿ ಬರುವ ಹಕ್ಕಿ ಇದು, ಹಿಂದೆ ಓಡದೆ ಕೂತಲ್ಲೇ ಕೂತಿರಿ. ಬೆಳಗಿನ ಮೊದಲ ಗಂಟೆ, ಸಂಜೆಯ ಕೊನೆಯ ಗಂಟೆ ಫ್ಲ್ಯಾಶ್ ಬೇಡ. ಚಳಿಯ ರಾತ್ರಿಗಳಲ್ಲಿ ಈ ಹಕ್ಕಿ ಮೈಬಿಸಿಯನ್ನೇ ಇಳಿಸಿಕೊಂಡು ಮಂಪರಿಗೆ ಜಾರುತ್ತದೆ, ಅದಕ್ಕೆ ಮುಂಚೆ ಮತ್ತು ಆಮೇಲೆ ಹೊಟ್ಟೆ ತುಂಬಿಸಿಕೊಳ್ಳುವ ಆ ಹೊತ್ತು ಅದರ ಪಾಲಿಗೆ ಬಿಡಿ. ಕ್ಯಾಲಿಫೋರ್ನಿಯಾದಲ್ಲಿ ಆ್ಯನಾಸ್ ಡಿಸೆಂಬರಿನಲ್ಲೇ ಗೂಡು ಕಟ್ಟಲು ತೊಡಗುವುದರಿಂದ ಹತ್ತಿರದ ಕೊಂಬೆಗಳನ್ನೊಮ್ಮೆ ನೋಡಿಕೊಂಡು ಸ್ಟ್ಯಾಂಡ್ ಹೂಡಿ. ಗೂಡಿದ್ದರೆ ಫ್ಲ್ಯಾಶ್ ಬೇರೆ ಕಡೆಗೆ. ಫೀಡರ್ ತೂಗುಹಾಕುವುದಾದರೆ ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು, ಬಣ್ಣ ಬೇಡ, ಜೇನು ಬೇಡ.

ಇದನ್ನು ಕರ್ನಾಟಕದಲ್ಲಿ ಕೂತು ಓದುತ್ತಿರುವವರು ತಮ್ಮ ದಾಸವಾಳಕ್ಕೆ ಬರುವ ಹಕ್ಕಿಗೂ ಇದೇ ಲೆಕ್ಕವೇ ಎಂದು ಕೇಳಬಹುದು. ಹಮ್ಮಿಂಗ್‌ಬರ್ಡ್ ಕುಟುಂಬದ 360ಕ್ಕೂ ಹೆಚ್ಚು ಜಾತಿಗಳು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ನಿಮ್ಮಲ್ಲಿಗೆ ಬರುವುದು ಸೂರಕ್ಕಿ. ಗಂಡಿನ ಲೋಹದ ಹೊಳಪೂ ಗರಿಯ ರಚನೆಯಿಂದಲೇ ಹುಟ್ಟುವುದು, ಆದ್ದರಿಂದ ಬೆಳಕು ಬೆನ್ನ ಹಿಂದಿರಲಿ ಎಂಬ ಮಾತೂ, ಹಾಲುವಾಣ, ಮುತ್ತುಗದ ಹೂವಿಗೆ ಕೆಂಪು ಹಿಸ್ಟೋಗ್ರಾಂ ನೋಡಿ ಎಂಬ ಮಾತೂ ಹಾಗೆಯೇ ಸಲ್ಲುತ್ತವೆ. ಆದರೆ ಸೂರಕ್ಕಿ ಬಹುಮಟ್ಟಿಗೆ ತೊಟ್ಟಿನ ಮೇಲೆ ಕೂತೇ ಹೀರುತ್ತದೆ, ಗಾಳಿಯಲ್ಲಿ ನಿಲ್ಲುವುದು ಅಪರೂಪಕ್ಕೆ. 1/1000 ಸೆಕೆಂಡ್, ಎಫ್ 8, ಬೆಳಗಿನ ಬಿಸಿಲು ಸಾಕು. ಫ್ಲ್ಯಾಶ್ ಚೀಲದಲ್ಲೇ ಇರಲಿ.